ನೂರಾ ಒಂದು

ಪೆರ್ನಿಕ್ ಊರಿನ ಗಣಿ ಕಾರ್ಮಿಕರ ಭವನ,
ಅದರ ನೆಲಮಾಳಿಗೆಯಲ್ಲಿ ನಮ್ಮ ಗರಡಿ.
ಗಣಿ ಮುಚ್ಚಿತು, ಭವನದ ಹೆಸರು ಎರಡು ಸಲ ಬದಲಾಯಿತು,
ಕೆಳಗಿನ ಕಬ್ಬಿಣ ಮಾತ್ರ ಅಲ್ಲೇ ಉಳಿಯಿತು.
ಹೊತ್ತೊಯ್ಯಲು ಯಾರಿಗೂ ಮನಸ್ಸಾಗಲಿಲ್ಲ.

ನಾನು ನೆವ್ಯಾನಾ. ನಲವತ್ತೊಂದು. ಬೇಕರಿಯವಳು.
ನಸುಕಿನ ಮೂರಕ್ಕೆ ಹಿಟ್ಟಿನ ಮೂಟೆಗಳನ್ನು
ಬೆಕ್ಕು ಮರಿಯ ಕತ್ತು ಹಿಡಿದಂತೆ ಹಿಡಿದು ಎತ್ತಿಡುತ್ತೇನೆ.
ಯಾವ ಮೂಟೆಗೂ ಹೆದರಿದವಳಲ್ಲ.
ಮೂಟೆಯ ತೂಕವನ್ನು ಯಾರೂ
ನನ್ನ ಹೆಸರಿನ ಮುಂದೆ ಬರೆಯುವುದಿಲ್ಲವಲ್ಲ.

ಇಲ್ಲಿ ಬರೆಯುತ್ತಾರೆ.
ನೀಲಿ ರಟ್ಟಿನ ಪುಸ್ತಕ, ಸ್ಟೋಯ್ಮೆನ್ ಮೇಷ್ಟ್ರ ಕೋಳಿಕಾಲಿನ ಅಕ್ಷರ.
ಹೆಗಲ ಮೇಲೆ ಸರಳು ಹೊತ್ತು ಒಂದೇ ಒಂದು ಬಸ್ಕಿ:
ಮಾರ್ಚಿನಲ್ಲಿ ನೂರು. ಜೂನಿನಲ್ಲಿ ನೂರು.
ದ್ರಾಕ್ಷಿ ಕೊಯ್ಲು ಮುಗಿದು ಮೊದಲ ಹಿಮ ಬಿದ್ದಾಗಲೂ ನೂರು.
ಆಮೇಲೆ ನಿದ್ದೆ ಸಾಲದು, ಮೊಣಕಾಲು ಕಟಕಟ ಅನ್ನುತ್ತೆ,
ಇವತ್ತು ಮಂಗಳವಾರ.
ಮೇಷ್ಟ್ರು ಕೇಳುತ್ತಾರೆ, "ಒಂದು ಕಿಲೋ ಏರಿಸೋಣವೇ?"
ನಾನು ತಲೆಯನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತೇನೆ.
ನಮ್ಮ ನಾಡಿನಲ್ಲಿ ಅದು "ಬೇಡ".

ಹತ್ತೊಂಬತ್ತಕ್ಕೆ ಕಾರು ಓಡಿಸುವ ಪರೀಕ್ಷೆಗೆ ಹೋಗಿದ್ದೆ.
ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿ, ತರಕಾರಿ ಗಾಡಿಗೆ ತಗುಲಿ
ಮೂರು ಕೆಂಪು ಮೆಣಸಿನಕಾಯಿ ಬಿದ್ದವು.
ಮೂರೇ.
ಮತ್ತೆ ಆ ಕಚೇರಿಯ ಮೆಟ್ಟಿಲು ಹತ್ತಲಿಲ್ಲ.
ಇಪ್ಪತ್ತೆರಡು ವರ್ಷದಿಂದ ಬಸ್ಸಿನ ಕಿಟಕಿಯಲ್ಲಿ
ಊರು ನೋಡುತ್ತಿದ್ದೇನೆ.

ಈ ಜನವರಿಯ ಒಂದು ಸಂಜೆ
ಮೇಷ್ಟ್ರು ಮಾತಾಡದೆ ಬಿಲ್ಲೆ ಏರಿಸಿದರು,
ಕೆಂಪು, ಕೆಂಪು, ಹಳದಿ, ಮತ್ತೆ ಹಸಿರು.
ಎಣಿಸಿದೆ. ನೂರಾ ಮೂವತ್ತು.
"ಇದು ನನ್ನಿಂದಾಗಲ್ಲ."
"ಗೊತ್ತು. ಆಗದ್ದನ್ನೇ ಮಾಡು. ಬೀಳಿಸುವುದೇ ಇವತ್ತಿನ ಪಾಠ.
ಕೆಳಗೆ ಹೋಗು. ಏಳಲಾಗದಿದ್ದರೆ ಎದೆ ಎತ್ತು,
ಕೈ ಬಿಡು, ಮುಂದಕ್ಕೆ ಜಿಗಿ. ಅಷ್ಟೇ."

ಮೇಲ್ಮಹಡಿಯಲ್ಲಿ ಮುಖವಾಡದ ಕುಣಿತದವರು
ಸೊಂಟಕ್ಕೆ ಗಂಟೆ ಕಟ್ಟಿ ಅಭ್ಯಾಸ ನಡೆಸಿದ್ದರು.
ಸರಳಿನ ಕೆಳಗೆ ಹೆಗಲು ಕೊಟ್ಟೆ.
ಅದು ಹೊರೆಯಂತಿರಲಿಲ್ಲ, ಯಾರೋ ಕೂತ ಹಾಗಿತ್ತು.
ಇಳಿದೆ.
ತಳದಲ್ಲಿ ನಾನು ಇಷ್ಟು ದಿನ ಹೆದರಿದ್ದ ಜಾಗ,
ಕಿವಿಯಲ್ಲಿ ರಕ್ತದ ಸದ್ದು ಬಿಟ್ಟರೆ
ತೀರಾ ಸಾಮಾನ್ಯವಾದ, ಇಕ್ಕಟ್ಟಾದ ಜಾಗ.
ಏಳಲು ನೋಡಿದೆ, ನಿಜವಾಗಿಯೂ ನೋಡಿದೆ.
ಆಮೇಲೆ ಕೈ ಬಿಟ್ಟೆ.

ನೆಲ ಗುಡುಗಿತು. ಗಂಟೆಗಳು ಥಟ್ಟನೆ ನಿಂತವು.
ಸೀಮೆಸುಣ್ಣದ ಧೂಳು ಎದ್ದು ದೀಪದ ಸುತ್ತ ತಿರುಗಿತು.
ಮೂಲೆಯಲ್ಲಿ ಹುಡುಗ ಗಲಿನ್ ಬಾಳೆಹಣ್ಣು ತಿನ್ನುತ್ತಿದ್ದ,
ತಿನ್ನುತ್ತಲೇ ಇದ್ದ.
ಒಂದು ಗಳಿಗೆಯ ಮೇಲೆ ಮಹಡಿಯಲ್ಲಿ
ಗಂಟೆಗಳು ಬಿಟ್ಟಲ್ಲಿಂದ ಹಿಡಿದುಕೊಂಡವು.
ನನಗೆ ನಗು ಬಂತು. ಅಳುವೂ ಬಂತು ಅನ್ನಿ,
ಮೂರು ಮೆಣಸಿನಕಾಯಿಗಾಗಿ.

ಐದು ಸಲ ಬೀಳಿಸಿದೆ.
ಐದನೆಯದು, ಸುಳ್ಳೇಕೆ, ಬರಿಯ ಖುಷಿಗೆ.

ಮರುವಾರ ನೂರಾ ಒಂದು.
ಕಂಬದಿಂದ ಎತ್ತಿಕೊಂಡು ಎರಡು ಹೆಜ್ಜೆ ಹಿಂದಕ್ಕಿಟ್ಟೆ.
ಭಯ ಹೋಗಿತ್ತೆಂದು ಹೇಳಲಾರೆ,
ಅದೂ ಬಂದಿತ್ತು, ಕೋಟು ಬಿಚ್ಚದೆ ಬೆಂಚಿನ ಮೇಲೆ ಕೂತಿತ್ತು,
ಹೊರಡುವ ಆತುರದಲ್ಲಿರುವವರ ಹಾಗೆ.
ಇಳಿದೆ. ಎದ್ದೆ, ಅರ್ಧ.
ಅರ್ಧದಲ್ಲಿ ತೊಡೆ ನಡುಗಿ, ಸೊಂಟ ಮುಂದೆ, ಎದೆ ಹಿಂದೆ,
ಗೋಡೆಯ ಬಿರುಕನ್ನೇ ದಿಟ್ಟಿಸಿ ನಾಲ್ಕೆಣಿಸುವಷ್ಟು ಹೊತ್ತು
ಮೇಲೂ ಅಲ್ಲ ಕೆಳಗೂ ಅಲ್ಲ.
ಬಿತ್ತು.

ಮೇಷ್ಟ್ರು ಪುಸ್ತಕ ತೆರೆದು ಕನ್ನಡಕ ಹುಡುಕಿ
ನೂರಾ ಒಂದು ಎಂದು ಬರೆದರು,
ಪಕ್ಕಕ್ಕೊಂದು ಅಡ್ಡಗೀಟಿನ ಗುರುತು.
ಶಾಯಿ ಒಣಗುವವರೆಗೂ ನಾನು ಬಗ್ಗಿ ನೋಡಿದೆ.
ಸಣ್ಣ ಗುರುತು. ಹೊಲಿಗೆಯಷ್ಟು.

"ಇನ್ನೊಮ್ಮೆ?" ಅಂದರು.
ಸೀಮೆಸುಣ್ಣದ ಡಬ್ಬಿ ಎಳೆದುಕೊಂಡು
ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದೆ.