ತಂತಿಕಾಲು

ಚುನಾವಣೆ ಮುಗಿದ ಮೊದಲ ಶನಿವಾರ
ಊರಿನ ಕಸದಂಗಳಕ್ಕೆ ಎಲ್ಲರೂ ಬರುತ್ತಾರೆ.
ಗೆದ್ದವರ ಪಿಕಪ್ಪು, ಸೋತವರ ಪಿಕಪ್ಪು
ಒಂದೇ ಸಾಲಿನಲ್ಲಿ ಹೊಗೆ ಬಿಡುತ್ತ ನಿಲ್ಲುತ್ತವೆ.
ನ್ಯೂ ಹ್ಯಾಂಪ್‌ಶೈರಿನ ಈ ಉತ್ತರದ ಮೂಲೆಯಲ್ಲಿ
ನವೆಂಬರಿಗೇ ನೆಲ ಬಿಗಿದುಕೊಂಡಿರುತ್ತದೆ;
ಅಂಗಳದ ಪ್ರಚಾರಫಲಕ ಕೀಳಲು
ಕೆಲವರಿಗೆ ಹಾರೆಯೇ ಬೇಕಾಯಿತಂತೆ.

ನನ್ನ ಕೆಲಸ ಸರಳ. ಗಾಜು ಅಲ್ಲಿ, ತಗಡು ಇಲ್ಲಿ,
ಪ್ಲಾಸ್ಟಿಕ್ಕು ಆ ನೀಲಿ ಡಬ್ಬಕ್ಕೆ.
ಅಭ್ಯರ್ಥಿಯ ನಗು ಪ್ಲಾಸ್ಟಿಕ್ಕು,
ನಗುವನ್ನು ನಿಲ್ಲಿಸಿದ್ದ ತಂತಿಕಾಲು ಕಬ್ಬಿಣ.
ಎರಡನ್ನೂ ಬೇರೆ ಮಾಡದೆ ಯಾರನ್ನೂ ಒಳಗೆ ಬಿಡುವುದಿಲ್ಲ.

ಮಂಗಳವಾರ ರಾತ್ರಿ ಶಾಲೆಯ ಊಟದ ಕೋಣೆಯಲ್ಲಿ
ಮತ ಎಣಿಸಿದವರಲ್ಲಿ ನಾನೂ ಒಬ್ಬಳು.
ಒದ್ದೆ ಸ್ಪಂಜಿಗೆ ಬೆರಳೊತ್ತಿ ಎಣಿಸಿದ್ದು
ಇನ್ನೂರ ಎಪ್ಪತ್ತಮೂರು ಚೀಟಿ:
ಒಬ್ಬರಿಗೆ ನೂರ ಮೂವತ್ತೈದು,
ಇನ್ನೊಬ್ಬರಿಗೆ ನೂರ ಇಪ್ಪತ್ತೇಳು,
ಹನ್ನೊಂದು, ಸರ್ಕಾರ ಮನುಷ್ಯನ ದಾರಿಗೆ ಅಡ್ಡ ಬರಬಾರದು
ಎನ್ನುವ ಆ ಸಣ್ಣ ಪಕ್ಷಕ್ಕೆ.
ಮೂರು ಸಲ ಎಣಿಸಿದೆವು. ಹನ್ನೊಂದೇ.

'ಎಂಟು ಮತ, ಓರೆಲ್,' ಎಂದ ಲೈಮನ್, ತಂತಿ ಎಳೆಯುತ್ತ.
'ಈ ಊರಲ್ಲಿ ನಾವು ಸೋತದ್ದು ಎಂಟೇ ಎಂಟರಲ್ಲಿ.
ನಿನ್ನ ಹನ್ನೊಂದು ನಮ್ಮ ಹೊಲಕ್ಕೆ ನುಗ್ಗಿದ ಹಂದಿ.'

ಓರೆಲ್ ಥಿಬಡೋ ಕೈಚೀಲ ಬಿಚ್ಚಿದ, ಸಾವಕಾಶವಾಗಿ:
'ನನ್ನ ಮತವೇನು ನಿನ್ನ ಕೊಟ್ಟಿಗೆಯಲ್ಲಿ ಕಟ್ಟಿತ್ತೇ
ನಾನು ಹಗ್ಗ ಬಿಚ್ಚಿಕೊಂಡು ಓಡಲು?
ಒಂದು ಪಕ್ಷ ನನ್ನ ಮಂಚದ ಕೆಳಗೆ ಇಣುಕುತ್ತದೆ,
ಇನ್ನೊಂದು ಕಿಸೆಗೆ ಕೈ ಹಾಕುತ್ತದೆ.
ಅತ್ತ ದರಿ, ಇತ್ತ ಪುಲಿ. ನಾನು ಮರ ಹತ್ತಿದೆ.'

'ಮರದವರೆಗಿನ ರಸ್ತೆ ಯಾರದಪ್ಪ?
ಅದರ ಹಿಮ ಯಾರು ತೆಗೆಯುತ್ತಾರೆ?'

'ನಾನು.
ಹೋದ ಫೆಬ್ರವರಿ, ರಾತ್ರಿ ಎರಡಕ್ಕೆ, ನಿನ್ನ ಬಾಗಿಲವರೆಗೂ ನಾನೇ.
ಯಾವ ಪಕ್ಷ ಹೇಳಿ ಕಳಿಸಿತ್ತು?'

ಲೈಮನ್ ತಂತಿ ಬಿಟ್ಟ.
ಅವನ ಹೆಂಡತಿ ಕೊರಿನ್ನಾಗೆ ಎದೆ ಹಿಡಿದುಕೊಂಡ ರಾತ್ರಿ ಅದು.
ಓರೆಲ್ ಬಿಡಿಸಿದ ಆ ದಾರಿಯಲ್ಲಿ ಬಂದದ್ದು
ತೆರಿಗೆ ದುಡ್ಡಿನ ಆಂಬುಲೆನ್ಸು.
ಅದನ್ನು ಅವನೂ ಹೇಳಲಿಲ್ಲ, ಇವನೂ ಹೇಳಲಿಲ್ಲ.
ನನ್ನ ನಾಲಿಗೆ ತುದಿಗೆ ಬಂದಿತ್ತು.
ಅಷ್ಟರಲ್ಲಿ ಯಾರೋ ಒಡೆದ ಟಿವಿ ತಂದರು.

ತಿರುಗಿ ಬಂದಾಗ ಓರೆಲ್ ತತ್ವಕ್ಕೆ ಏರಿದ್ದ:
'ತೆರಿಗೆಯೆಂದರೆ ಕಳವು, ನಯವಾದ ಕಳವು,
ರಸೀದಿ ಕೊಡುವ ಕಳವು...'
ನನ್ನನ್ನು ಕಂಡು ಕೆಮ್ಮಿದ. 'ನಿನ್ನನ್ನಲ್ಲ, ಬರ್ನಿಸ್.'
ಹದಿನಾಲ್ಕು ವರ್ಷದಿಂದ ಆ ಕಳವಿನ ಸಂಬಳ ಉಣ್ಣುವವಳು
ಟೋಪಿ ಕಿವಿಗೆ ಎಳೆದುಕೊಂಡೆ. ಚಳಿಯೂ ಇತ್ತು.

ಹನ್ನೊಂದರಲ್ಲಿ ಒಂದು ಓರೆಲ್‌ನದು, ಊರೇ ಬಲ್ಲದು.
ಉಳಿದ ಹತ್ತು?
ಈ ವಾರವೆಲ್ಲ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ
ಜನ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬೇರೆ.
ಲೈಮನ್ ಸಾಲಿನತ್ತ ಬೆರಳು ಚಾಚಿ ಕೂಗಿದ:
'ಯಾರು ಆ ಹತ್ತು ಜನ? ಬಾಯಿ ಬಿಡಿ!'
ಅವನ ಟ್ರಕ್ಕಿನೊಳಗೆ ಕೊರಿನ್ನಾ
ಕಿಟಕಿಯ ಗಾಜು ಏರಿಸಿಕೊಂಡಳು.
ನಾನು ಎಣಿಸಿದವಳು. ನೋಡಿದವಳಲ್ಲ.

ಕೊನೆಗೆ ಕಬ್ಬಿಣದ ರಾಶಿಯ ಮುಂದೆ ಓರೆಲ್ ಮಂಡಿಯೂರಿದ.
ಎರಡೂ ಪಕ್ಷದ ಕಾಲುಗಳನ್ನು ಆರಿಸಿ, ಬಗ್ಗಿದ್ದನ್ನು
ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿ, ಕಂಕುಳಿಗೆ ಸೇರಿಸಿದ.
'ಬಟಾಣಿ ಬಳ್ಳಿಗೆ. ಎಷ್ಟು ಕೊಡಲಿ?'

'ಏನೂ ಬೇಡ. ಊರಿನ ಆಸ್ತಿ, ತೆಗೆದುಕೊಂಡು ಹೋಗು.'

'ಊರಿನದಾದರೆ ಕಳವಾಯಿತಲ್ಲ,' ಎಂದು
ಎರಡು ಡಾಲರು ನನ್ನ ಮೇಜಿಗಿಟ್ಟ.

ನನ್ನ ಬಳಿ ರಸೀದಿ ಪುಸ್ತಕವಿಲ್ಲ.
ಲೈಮನ್ ನೋಟು ನೋಡಿದ, ಓರೆಲ್‌ನನ್ನು ನೋಡಿದ,
ಗಾಳಿಗೆ ಹಾರೀತೆಂದು ಅದರ ಮೇಲೆ
ಒಂದು ಕಲ್ಲು ಹೇರಿ, ಕೈ ಒರೆಸಿಕೊಂಡು
ಮಾತಾಡದೆ ಟ್ರಕ್ಕು ಹತ್ತಿದ.