ಕಿವಿಗೆ ಹಾಕಿಕೊಂಡದ್ದು

ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಇವಳು
ಎಂದು ನಾನೇ ಊರೆಲ್ಲ ಹೇಳಿಕೊಂಡು ಬಂದೆ.
ಮೀನಿನ ಕಾರ್ಖಾನೆಯಲ್ಲಿ, ಕೈಗವಸು ಕಳಚುತ್ತ.
ಚರ್ಚಿನ ಮೆಟ್ಟಿಲ ಮೇಲೆ.
ಶಿಶುವಿಹಾರದ ಟೀಚರ್ ಎದುರಿಗೆ, ನಕ್ಕು.
ಒಮ್ಮೆ ಬೆನ್ನ ಮೇಲೆ ಒಂದು ಬಿಟ್ಟೂ ಬಿಟ್ಟೆ:
ಬೂಟು ಹಾಕಿಕೋ ನುಕಾಕ, ಎಂದು ಮೂರು ಸಲ ಕೂಗಿದ್ದೆ,
ಅವಳು ಕಿಟಕಿಯ ಗಾಜಿಗೆ ಮೂಗೊತ್ತಿ
ಕೊಲ್ಲಿಯಲ್ಲಿ ತೇಲುವ ಹಿಮದ ಗುಡ್ಡಗಳನ್ನು
ನೋಡುತ್ತಲೇ ನಿಂತಿದ್ದಳು.

ಹಾಕಿಕೊಳ್ಳಲು ಅಲ್ಲಿ ಜಾಗವೇ ಇರಲಿಲ್ಲ.
ತಮಟೆಯ ಹಿಂದೆ ಅಂಟುನೀರು ಮನೆ ಮಾಡಿತ್ತು.
ಚಳಿಗಾಲವೊಂದರಲ್ಲೇ ನಾಲ್ಕು ಸಲ ಕೀವಾಗಿ
ದಿಂಬಿನ ಮೇಲೆ ಹಳದಿ ಕಲೆ.
ಅನಾನ, ಅಂದರೆ ನಮ್ಮಲ್ಲಿ ಅಮ್ಮ,
ಅವಳ ಬಾಯಲ್ಲಿ ಬರೀ ಆ-ಆ.
ವ್ಯಂಜನಗಳು ಆ ನೀರಲ್ಲೇ ಮುಳುಗಿದ್ದವು.

ನನ್ನ ಅಮ್ಮ ಬೊಲೆಟ್ಟೆ ಚಮಚದಲ್ಲಿ ಸೀಲ್ ಎಣ್ಣೆ ಕಾಯಿಸಿದಳು.
‘ನಿನಗೂ ಇದನ್ನೇ ಬಿಟ್ಟೆ. ನೀನೇನು ಕೆಪ್ಪಿಯಾದೆಯಾ?’
ನಾನು ಬಲಗಿವಿಯನ್ನು ಅವಳತ್ತ ತಿರುಗಿಸಿ ಕೂತಿದ್ದೆ.
ಯಾವಾಗಲೂ ಹಾಗೇ ಕೂರುತ್ತೇನೆ.
ಎಡದ್ದರ ವಿಷಯ ಅವಳಿಗೆ ಹೇಳಿಲ್ಲ.

ಹೆಲಿಕಾಪ್ಟರ್ ಒಂದು, ಅದಾದ ಮೇಲೆ ಪುಟ್ಟ ವಿಮಾನ,
ಇಲುಲಿಸ್ಸಾತ್‌ನ ಆಸ್ಪತ್ರೆಯಲ್ಲಿ ಡೇನಿಷ್ ಡಾಕ್ಟರು
ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು:
ನೀಲಿ ಕೊಳವೆ, ಸಣ್ಣ ಮೀನಿನ ಕಣ್ಣಿನಷ್ಟು,
ನಡುವೆ ತೂತು.
ನನಗೆ ಅರ್ಥವಾಯಿತು, ದುಭಾಷಿ ಬಾಯಿ ತೆರೆಯುವ ಮುಂಚೆಯೇ.
ಹೆಪ್ಪುಗಟ್ಟಿದ ಕಡಲಲ್ಲಿ ಸೀಲ್ ಉಸಿರಿಗೆಂದು
ತೂತು ಇಟ್ಟುಕೊಂಡಿರುತ್ತದೆ;
ಮುಚ್ಚಿಹೋಗದಂತೆ ಚಳಿಗಾಲವಿಡೀ
ಉಗುರಿನಿಂದ ಕೆರೆಯುತ್ತಲೇ ಇರುತ್ತದೆ.

ಆ ಕೆರೆಯುವ ಕೆಲಸ ಈಗ ನನ್ನದು.
ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಹಚ್ಚಿದ ಹತ್ತಿಯುಂಡೆ.
ಒಳಗೆ ಕಡ್ಡಿ ಹಾಕಬಾರದು, ಹೊರಗಷ್ಟೇ ಒರೆಸಬೇಕು.
ಮಾರ್ಚಿಯಲ್ಲಿ ನೆಗಡಿಯಾಗಿ ಮತ್ತೆ ಸೋರಿತು,
ನಾನು ರಾತ್ರಿಯೇ ನರ್ಸಿಗೆ ಫೋನು ಮಾಡಿ ಅತ್ತೆ.
‘ಸೋರಲಿ,’ ಎಂದಳು ಅವಳು. ‘ದಾರಿ ಇದೆ ಅಂತಲೇ ಸೋರುತ್ತಿದೆ.
ಹನಿ ಹಾಕು. ಬೆಳಗಾದ ಮೇಲೆ ಕರೆದುಕೊಂಡು ಬಾ.’
ನಿಜ, ಮಗು ಅಳುತ್ತಿರಲಿಲ್ಲ.
ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ ಬೆಚ್ಚಗಾಗಿಸಿ
(ತಣ್ಣಗಿದ್ದರೆ ತಲೆ ತಿರುಗುತ್ತದಂತೆ)
ಹನಿ ಬಿಟ್ಟು, ಕಿವಿಯ ಮುಂದಿನ ಪುಟ್ಟ ಕದವನ್ನು
ನಾಲ್ಕೈದು ಸಲ ಮೆಲ್ಲಗೆ ಒತ್ತಿ,
ಐದು ನಿಮಿಷ ಅವಳ ಕೆನ್ನೆ ನನ್ನ ತೊಡೆಯ ಮೇಲೆ.
ಆ ಐದು ನಿಮಿಷ ನಾನು ಏನೂ ಹೇಳುತ್ತಿರಲಿಲ್ಲ.
ಬೆನ್ನು ಸವರುತ್ತಿದ್ದೆ,
ಅಂದು ಹೊಡೆದ ಜಾಗವನ್ನೇ.

ಇದಕ್ಕೆ ಮೊದಲಿನ ಒಂದು ಮಾತು ಬಿಟ್ಟುಹೋಯಿತು.
ಆಸ್ಪತ್ರೆಯಿಂದ ಬಂದ ಸಂಜೆ
ನಮ್ಮ ಹನ್ನೊಂದು ನಾಯಿಗಳೂ ಒಟ್ಟಿಗೆ ಊಳಿಟ್ಟವು,
ದಿನಾ ಇಡುವಂತೆಯೇ.
ಅವಳು ಎರಡೂ ಕಿವಿ ಮುಚ್ಚಿಕೊಂಡು
ನನ್ನ ಕೋಟಿನೊಳಗೆ ತೂರಿಕೊಂಡಳು.
ಹುಟ್ಟಿದಾಗಿನಿಂದ ಆ ನಾಯಿಗಳ ನಡುವೆ ಆಡಿದವಳು
ಅವು ಬಾಯಿ ತೆರೆಯುವುದು ಆಕಳಿಕೆಗೆ ಎಂದುಕೊಂಡಿದ್ದಳೋ ಏನೋ.
ಗಂಡ ಹೊರಗೆ ಓಡಿ ನಾಯಿಗಳನ್ನು ಗದರಿದ,
ಏನೋ ದೊಡ್ಡ ತಪ್ಪು ಮಾಡಿದವು ಎನ್ನುವಂತೆ.

ಬಲಗಿವಿಯ ಕೊಳವೆ ಮೊನ್ನೆ ತಾನಾಗಿಯೇ ಉದುರಿತು.
ದಿಂಬಿನ ಮೇಲೆ, ಗುಗ್ಗೆಯ ಚೂರಿನೊಳಗೆ, ನೀಲಿ.
ಬೆಂಕಿಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದೇನೆ, ಏಕೆಂದು ಗೊತ್ತಿಲ್ಲ.
ತೂತು ಮುಚ್ಚಿದೆ ಎಂದರು. ಎಡದ್ದು ಇನ್ನೂ ಕೂತಿದೆ.

ಇವತ್ತು ಬೆಳಿಗ್ಗೆ ಬೂಟು ಹಾಕಿಕೋ ಎಂದೆ.
ಅವಳು ಕಿಟಕಿಯ ಬಳಿ, ಬೆನ್ನು ನನ್ನ ಕಡೆಗೆ.
ಮತ್ತೆ ಕೂಗಿದೆ. ಎದೆ ಧಸಕ್ಕೆಂದಿತು.
ಮೂರನೆಯ ಸಲ ಪಿಸುಗುಟ್ಟಿದೆ: ಚಾಕೊಲೇಟು.
ತಿರುಗಲಿಲ್ಲ.
ಆದರೆ ಗಾಜಿನಲ್ಲಿ ಕಂಡೆ,
ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು ಕಳ್ಳಿ.

ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಇವಳು.
ಬನ್ನಿ, ಊರೆಲ್ಲ ಕೇಳಿ.