ನಾಲ್ಕನೆಯ ಪ್ರಶ್ನೆ

ಮಿಲ್ವಾಕಿಯ ಕ್ಲಿನಿಕ್ಕಿನಲ್ಲಿ ಹಾಳೆಯೊಂದು ಕೊಟ್ಟರು.
ಹತ್ತು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಚೌಕ.
ಹೆರಿಗೆಯಾಗಿ ಆರನೆಯ ವಾರ. ಹೊರಗೆ
ಸರೋವರದ ಗಾಳಿ ಕಿಟಕಿಯ ಗಾಜನ್ನು ಅದುರಿಸುತ್ತಿತ್ತು.
ಮಗ ಬುಟ್ಟಿಯಲ್ಲಿ, ಟೋಪಿ ಕಣ್ಣಿಗಿಳಿದು.

ನಗಲು ಆಗುತ್ತದೆಯೇ? ಆಗುತ್ತದೆ.
ನಾಳೆಗೆ ಎದುರು ನೋಡುತ್ತೀರಾ? ಹೂಂ.
ನಾಲ್ಕನೆಯದು:
ಸರಿಯಾದ ಕಾರಣವಿಲ್ಲದೆ ಆತಂಕಪಟ್ಟಿದ್ದೀರಾ?

ಪೆನ್ನು ನಿಂತಿತು.

ಬಸಿರಿನಲ್ಲಿ ಬೆರಳು ಬಾತು, ಉಂಗುರ ಬಿಚ್ಚಿ
ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೆ.
ಕೌಂಟರಿನವಳು ಮೊದಲು ನೋಡಿದ್ದು ಬೆರಳು.
"ಮಗುವಿನ ತಂದೆ ಯಾರೆಂದು ಗೊತ್ತೇ?"
ಡಿಮೀಟ್ರಿಯಸ್ ಪಕ್ಕದಲ್ಲೇ ಕೂತಿದ್ದ,
ನನ್ನ ಕೋಟು ತೊಡೆಯ ಮೇಲಿಟ್ಟುಕೊಂಡು.

ಆಮೇಲೆ ಪ್ರತಿ ಸಲವೂ
ಶಾಲೆಯ ಬ್ಯಾಡ್ಜು ಎದೆಯ ಮೇಲೆ ಕಾಣುವ ಹಾಗೆ ಹೋದೆ,
ಶನಿವಾರವೂ. ನೋಡಿ, ನಾನು
ಏಳನೆಯ ತರಗತಿಗೆ ವಿಜ್ಞಾನ ಕಲಿಸುವವಳು.
ತಲೆ ಸಿಡಿಯುತ್ತಿದೆ ಎನ್ನುವುದನ್ನು
ಬಚ್ಚಲ ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ:
ದನಿ ಏರಕೂಡದು, ಏರಿದರೆ ಜಗಳಗಂಟಿ;
ಇಳಿಯಲೂ ಕೂಡದು, ಇಳಿದರೆ ಅಷ್ಟೇನೂ ನೋವಿಲ್ಲ.
ಅಳತೆ ಸಿಕ್ಕಿತು. ಹೇಳಿದೆ.
"ನೀರು ಕುಡಿಯಿರಿ" ಎಂದರು. ಕುಡಿದೆ.
ಮೂರನೆಯ ದಿನ ಗೋಡೆಯ ತುಂಬ ಬೆಳಕಿನ ಹುಳುಗಳು ಹರಿದವು.
ಆಗ ಓಡಿದರು, ಎಲ್ಲರೂ.

ಚಿಕ್ಕಮ್ಮ ವರ್ನೀಸ್ ಅವರು ಓಡುವ ತನಕ ಉಳಿಯಲಿಲ್ಲ.
ಅವಳಿಗೂ ನೀರನ್ನೇ ಹೇಳಿದ್ದರು.
ಆ ಮಾತನ್ನು ಅಜ್ಜಿ ಮೂವತ್ತು ವರ್ಷ
ತುತ್ತಿನ ಜೊತೆ ನುಂಗಿದಳು.

ರಾತ್ರಿ ಮಗನ ಉಸಿರು ಎಣಿಸುತ್ತೇನೆ,
ನೂರಕ್ಕೆ ಬಂದು ಮತ್ತೆ ಒಂದರಿಂದ.
ಇವನಿಗೆ ಹದಿನಾಲ್ಕಾಗಿ, ಟೋಪಿ ಹೀಗೇ ಕಣ್ಣಿಗಿಳಿದಾಗ
ದಾರಿಯಲ್ಲಿ ಯಾರು ಏನೆಂದುಕೊಳ್ಳುತ್ತಾರೋ.
ಅಲ್ಲಿಗೆ ಎಣಿಕೆ ತಪ್ಪುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ
ಎದ್ದು ಬಂದು ಎದೆಗೆ ಒದೆಯುತ್ತಾರಂತೆ.
ಇಲ್ಲಿ ಒದೆಯುವುದಿಲ್ಲ,
ಎದೆಗೆ ಕಚ್ಚಿಕೊಂಡಿರುವುದನ್ನು ಕೇಳುತ್ತಾರೆ.
ಮೇಲಿನ ಮನೆಯ ಕಿಯೋನಾ ನಿಜ ಬರೆದಳು.
ವಾರದೊಳಗೆ ಬಾಗಿಲಲ್ಲಿ ಫೈಲು ಹಿಡಿದ ಇಬ್ಬರು;
ಅವಳ ಫ್ರಿಜ್ಜು ತೆರೆದು ನೋಡಿದರು,
ಹಾಸಿಗೆ ಎಣಿಸಿದರು.

ಕಾರಣವಿಲ್ಲದೆ ಆತಂಕ?
ಗುರುತು ಹಾಕಿದೆ: ಇಲ್ಲ, ಎಂದೂ ಇಲ್ಲ.
ಸುಳ್ಳೇನಲ್ಲ.
ನರ್ಸು ಬೆರಳು ಮಡಚಿ ಕೂಡಿದಳು,
"ಒಳ್ಳೆಯ ಅಂಕ" ಎಂದು ನಕ್ಕಳು. ನಾನೂ ನಕ್ಕೆ,
ಮೊದಲ ಪ್ರಶ್ನೆಗೆ ಸಾಕ್ಷಿಯಾಗಿ.

ಬಸ್ಸಿನಲ್ಲಿ ಕೋಟಿನ ಜೇಬಿಗೆ ಕೈ ಹಾಕಿದರೆ
ಅವರ ಪೆನ್ನು.
ಗ್ಯಾಸ್ ಬಿಲ್ಲಿನ ಬೆನ್ನಿಗೆ ಬರೆದೆ:
ಕಾರಣ ಒಂದು.
ಅಷ್ಟರಲ್ಲಿ ಮಗ ಎದ್ದ.